ಪಂಚಾಯ್ತಿಗೆ ಆನ್‌ಲೈನ್ ಮ್ಯಾಪ್ ಬೇಕಾ? ಬೇಕಿದ್ರೆ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಗ್ರಾಮ ಪಂಚಾಯ್ತಿ ಸದಸ್ಯೆ. ನಮ್ಮಲ್ಲಿ ನೀರಿನ ಪೈಪ್ ಲೈನ್, ಬೀದಿದೀಪ, ಮನೆ ಕಂದಾಯ ಎಲ್ಲಾ ರಿಜಿಸ್ಟರ್‌ನಲ್ಲೇ ನಡೀತಿದೆ, ಅರ್ಧ ವಿಷಯ ವಾಟರ್‌ಮ್ಯಾನ್ ತಲೇಲಿದೆ. ಈಗ ಒಂದು ಕಂಪನಿಯವರು ಬಂದು ಜಿಐಎಸ್ ಪೋರ್ಟಲ್ (ಮ್ಯಾಪ್ ಇರೋ ವೆಬ್‌ಸೈಟ್) ಮಾಡ್ಕೊಡ್ತೀವಿ, ಎಲ್ಲಾ ಮ್ಯಾಪ್ ಮೇಲೆ ಬರುತ್ತೆ ಅಂತ ಲಕ್ಷಗಟ್ಟಲೆ ಕೊಟೇಶನ್ ಕೊಟ್ಟಿದ್ದಾರೆ. ತಗೋಬೇಕಾ, ನಾವೇ ಮಾಡ್ಕೋಬಹುದಾ? ಮಾಡಿದ್ರೆ ಊರಿನವರೆಲ್ಲ ನೋಡೋ ಹಾಗೆ ಇಡಬಹುದಾ, ಕಾನೂನಿನ ತೊಂದ್ರೆ ಏನಾದ್ರೂ ಇದೆಯಾ?

ಉತ್ತರ: ನಮಸ್ಕಾರ ಮೇಡಂ. ಸದ್ಯಕ್ಕೆ ಆ ಕೊಟೇಶನ್‌ಗೆ ಸೈನ್ ಹಾಕ್ಬೇಡಿ. ಮ್ಯಾಪ್ ಖಂಡಿತ ಬೇಕು, ಮಾಡಿದ್ರೆ ಊರಿಗೆ ತುಂಬಾ ಉಪಯೋಗ ಆಗುತ್ತೆ, ಆದ್ರೆ ಪೋರ್ಟಲ್ ಅನ್ನೋದು ಕೊನೇಲಿ ಬರೋ ವಿಷಯ. ಅದಕ್ಕಿಂತ ಮುಂಚೆ ನಿಮ್ಮ ಪಂಚಾಯ್ತಿಯವರೇ ಒಂದು ಕೆಲಸ ಮಾಡ್ಕೊಳ್ಳಬೇಕು, ಅದನ್ನ ಯಾವ ಕಂಪನಿನೂ ನಿಮ್ಮ ಪರವಾಗಿ ಮಾಡೋಕಾಗಲ್ಲ. ಅರ್ಧ ವಿಷಯ ವಾಟರ್‌ಮ್ಯಾನ್ ತಲೇಲಿದೆ ಅಂತ ನೀವೇ ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡಿ ಅನ್ನೋದು ನನ್ನ ಸಲಹೆ. ಬೀದಿದೀಪ ಆಮೇಲೆ, ಕಂದಾಯ ಅದಕ್ಕೂ ಆಮೇಲೆ.

ಯಾಕೆ ನೀರು ಮೊದಲು ಅಂದ್ರೆ, ಬೀದಿದೀಪ ಕಣ್ಣಿಗೆ ಕಾಣುತ್ತೆ, ಮನೆ ಕಾಣುತ್ತೆ, ಅವನ್ನ ಯಾವಾಗ ಬೇಕಾದ್ರೂ ಹೋಗಿ ಎಣಿಸ್ಕೊಂಡು ಬರಬಹುದು, ಪೈಪ್ ಮಣ್ಣೊಳಗಿದೆ. ಯಾವ ವಾಲ್ವ್ ಎಷ್ಟು ತಿರುಗಿಸಿದ್ರೆ ಮೇಲಿನ ಬೀದಿಗೆ ನೀರು ಹತ್ತುತ್ತೆ, ಹಳೇ ಜಿಐ ಪೈಪ್ ಎಲ್ಲಿವರೆಗೆ ಇದೆ, ಜಲಜೀವನ್ ಮಿಷನ್‌ನಲ್ಲಿ ಹಾಕಿದ ಹೊಸ ಲೈನು ಹಳೇದಕ್ಕೆ ಎಲ್ಲಿ ಸೇರಿದೆ, ಸಿಸಿ ರಸ್ತೆ ಹಾಕಿದಾಗ ಯಾವ ವಾಲ್ವ್ ಚೇಂಬರ್ ಕಾಂಕ್ರೀಟ್ ಅಡಿ ಸೇರ್ಕೊಂಡ್ತು, ಇದೆಲ್ಲ ಗೊತ್ತಿರೋದು ದಿನಾ ಬೆಳಗ್ಗೆ ಎದ್ದು ನೀರು ಬಿಡೋ ಆ ಒಬ್ಬ ಮನುಷ್ಯನಿಗೆ ಮಾತ್ರ. ಅವರು ರಿಟೈರ್ ಆದ್ರೆ, ಇಲ್ಲ ಒಂದು ವಾರ ಆಸ್ಪತ್ರೆ ಸೇರಿದ್ರೆ, ಪಂಚಾಯ್ತಿ ಹತ್ರ ಏನೂ ಇರಲ್ಲ, ಒಂದು ಲೀಕ್ ಹುಡುಕೋಕೆ ಜೆಸಿಬಿ ತಂದು ಬೀದಿ ಉದ್ದಕ್ಕೂ ಅಗೀತಾರೆ, ಆಮೇಲೆ ಆ ರಸ್ತೆ ರಿಪೇರಿಗೆ ಇನ್ನೊಂದು ಬಿಲ್ಲು. ಇದನ್ನ ನಾನು ಎಷ್ಟೋ ಊರಲ್ಲಿ ನೋಡಿದ್ದೀನಿ.

ಹೇಗೆ ಮಾಡೋದು ಅಂತ ಸ್ವಲ್ಪ ವಿವರವಾಗೇ ಹೇಳ್ತೀನಿ. ವಾಟರ್‌ಮ್ಯಾನ್ ಜೊತೆ ಇಬ್ಬರು ಹೋಗ್ಲಿ, ಊರಲ್ಲಿ ಓದಿರೋ ಹುಡುಗ ಹುಡುಗಿಯರು ಇದ್ದೇ ಇರ್ತಾರೆ, ಗ್ರಾಮ ಪಂಚಾಯ್ತಿ ಲೈಬ್ರರಿಗೆ ಬರೋ ಕಾಲೇಜ್ ಮಕ್ಕಳಾದ್ರೂ ಸರಿ. ಒಬ್ಬರ ಕೈಲಿ ಫೋನು, ಇನ್ನೊಬ್ಬರ ಕೈಲಿ ಟೇಪು. ಫೋನಲ್ಲಿ ಕೋಬೋ ಇಲ್ಲ ಓಡಿಕೆ ಕಲೆಕ್ಟ್ ಅನ್ನೋ ಸರ್ವೆ ಆಪ್ ಹಾಕ್ಕೊಳ್ಳಿ, ಎರಡೂ ಫ್ರೀ, ನೆಟ್‌ವರ್ಕ್ ಇಲ್ಲದ ಕಡೆನೂ ಕೆಲಸ ಮಾಡುತ್ತೆ, ಸಂಜೆ ಸಿಗ್ನಲ್ ಸಿಕ್ಕಾಗ ಅಪ್‌ಲೋಡ್ ಆಗುತ್ತೆ, ಫಾರ್ಮ್ ಪೂರ್ತಿ ಕನ್ನಡದಲ್ಲೇ ಮಾಡ್ಕೋಬಹುದು. ಫಾರ್ಮಲ್ಲಿ ಜಾಸ್ತಿ ಪ್ರಶ್ನೆ ಹಾಕೋಕೆ ಹೋಗ್ಬೇಡಿ. ಇದು ವಾಲ್ವಾ, ಕೊಳವೆಬಾವಿನಾ, ಟ್ಯಾಂಕಾ, ಪೈಪ್ ಎಷ್ಟು ಇಂಚು, ಯಾವ ಬೀದಿಗೆ ನೀರು ಹೋಗುತ್ತೆ, ಈಗ ಸರಿ ಇದೆಯಾ, ಇಷ್ಟು ಸಾಕು. ಮೂವತ್ತು ನಲವತ್ತು ಪ್ರಶ್ನೆ ಹಾಕಿದ್ರೆ ಮೂರನೇ ಬೀದಿ ಹೊತ್ತಿಗೆ ಬೇಜಾರಾಗಿ ಸುಮ್ನೆ ಏನೋ ಒಂದು ತುಂಬೋಕೆ ಶುರು ಮಾಡ್ತಾರೆ.

ಫೋಟೋ ಎರಡು ತೆಗೀಬೇಕು, ಒಂದು ವಾಲ್ವ್ ಹತ್ತಿರದಿಂದ, ಇನ್ನೊಂದು ಹಿಂದಕ್ಕೆ ಬಂದು ಪಕ್ಕದ ಮನೆ, ಕಂಬ ಎಲ್ಲಾ ಕಾಣೋ ಹಾಗೆ. ಟೇಪ್ ಯಾಕೆ ಅಂದ್ರೆ, ಫೋನಿನ ಜಿಪಿಎಸ್ ಬಯಲಲ್ಲೇ 3ರಿಂದ 5 ಮೀಟರ್ ಆಚೀಚೆ ತೋರಿಸುತ್ತೆ, ತೆಂಗಿನ ಮರದ ಕೆಳಗೆ, ಇಕ್ಕಟ್ಟು ಗಲ್ಲಿ ಒಳಗೆ ಇನ್ನೂ ಜಾಸ್ತಿ. ಮ್ಯಾಪಲ್ಲಿ ಚುಕ್ಕೆ ನೋಡ್ಕೊಂಡು ಅಗೆಯೋಕೆ ಹೋದ್ರೆ ಎದುರು ಮನೆ ಜಗಲಿ ಅಗೆದಿರ್ತೀರಿ. ಅದಕ್ಕೆ ಜಾಗ ಕದಲದ ಎರಡು ವಸ್ತುಗಳಿಂದ ಅಳತೆ ಬರೆದಿಡಿ, ಅಂದ್ರೆ ಅರಳಿಕಟ್ಟೆ ಮೂಲೆಯಿಂದ 4 ಮೀಟರ್, ಕರೆಂಟ್ ಕಂಬದಿಂದ ಎರಡೂವರೆ ಮೀಟರ್ ಅನ್ನೋ ಥರ. ಎರಡು ಅಳತೆ ಇದ್ರೆ ಮುಂದೆ ಯಾರು ಬಂದ್ರೂ ಕಾಂಕ್ರೀಟ್ ಅಡಿ ಇರೋ ವಾಲ್ವ್ ಜಾಗ ಟೇಪ್ ಹಿಡಿದು ಕರೆಕ್ಟಾಗಿ ಗುರುತು ಹಾಕಬಹುದು. ಫೋಟೋ, ಅಳತೆ, ಚುಕ್ಕೆ ಮೂರೂ ಸೇರಿದಾಗಲೇ ಅದು ಕೆಲಸಕ್ಕೆ ಬರೋ ದಾಖಲೆ.

ಒಂದು ಚಿಕ್ಕ ಆದ್ರೆ ತುಂಬಾ ಕಾಡೋ ವಿಷಯ ಇಲ್ಲೇ ಹೇಳ್ಬಿಡ್ತೀನಿ. ಎಕ್ಸೆಲ್‌ನಲ್ಲಿ ಅಕ್ಷಾಂಶ ರೇಖಾಂಶ ಬರೆಯುವಾಗ ದಶಮಾಂಶದ ನಂತರ ಕನಿಷ್ಠ ಐದು ಅಂಕಿ ಇರಲಿ, ಐದಿದ್ರೆ ಸುಮಾರು 1 ಮೀಟರ್ ಲೆಕ್ಕ, ಮೂರಕ್ಕೆ ಕಟ್ ಮಾಡಿದ್ರೆ ನೂರು ಮೀಟರ್ ಹೋಯ್ತು. ಆಮೇಲೆ ಎರಡೂ ಕಾಲಂ ಅದಲು ಬದಲಾಗದ ಹಾಗೆ ನೋಡ್ಕೊಳ್ಳಿ. ಹಾಸನ ಹತ್ರ ಹತ್ರ 13 ಡಿಗ್ರಿ ಉತ್ತರ, 76 ಡಿಗ್ರಿ ಪೂರ್ವ, ಇದು ತಿರುಗಿ ಮುರುಗಿ ಆದ್ರೆ ನಿಮ್ಮೂರಿನ ಟ್ಯಾಂಕ್ ನಾರ್ವೆಯ ಉತ್ತರಕ್ಕೆ ಸಮುದ್ರದಲ್ಲಿ ಕಾಣುತ್ತೆ. ಮ್ಯಾಪ್ ಖಾಲಿ ಕಾಣ್ತಿದೆ, ಡೇಟಾ ಬರ್ಲಿಲ್ಲ ಅಂತ ನನಗೆ ಬರೋ ಕಂಪ್ಲೇಂಟ್‌ಗಳಲ್ಲಿ ಮೊದಲು ನಾನು ನೋಡೋದೇ ಇದನ್ನ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೊಳ್ಳೋದು ಬೇಡ. ಕಂಪ್ಯೂಟರ್‌ನಲ್ಲಿ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಮಾಡೋ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಪೂರ್ತಿ ಉಚಿತ, ಪ್ರಪಂಚದ ಎಷ್ಟೋ ಸರ್ಕಾರಿ ಆಫೀಸುಗಳು ಅದನ್ನೇ ಬಳಸೋದು, ನಿಮ್ಮ ಡೇಟಾ ಎಂಟ್ರಿ ಆಪರೇಟರ್ ಅದರ ಬೇಸಿಕ್ ಕೆಲಸ ಕಲಿತುಬಿಡ್ತಾರೆ. ಹಿಂದೆ ಕಾಣೋ ಸ್ಯಾಟಲೈಟ್ ಚಿತ್ರಕ್ಕೆ ಇಸ್ರೋದ ಭುವನ್ ಇದೆ, 2009ರಿಂದ ನಡೀತಿದೆ. ರಾಜ್ಯದ್ದೇ ಆದ ಕೆ-ಜಿಐಎಸ್ ಪೋರ್ಟಲ್‌ನಲ್ಲಿ ಗ್ರಾಮದ ಗಡಿ, ರಸ್ತೆ, ಕೆರೆ ಎಲ್ಲಾ ಲೇಯರ್ (ಮ್ಯಾಪ್ ಮೇಲೆ ಬೇರೆಬೇರೆಯಾಗಿ ಹಾಕೋ ಪದರ) ಇದೆ. ಯಾವ ಸರ್ವೆ ನಂಬರ್‌ನಲ್ಲಿ ನಿಂತಿದ್ದೀವಿ ಅಂತ ತಿಳಿಯೋಕೆ ದಿಶಾಂಕ್ ಆಪ್ ಇದೆ, ಅದು ಬಹುಶಃ ನಿಮ್ಮ ಫೋನಲ್ಲೇ ಇರಬಹುದು. ಬ್ರೌಸರ್‌ನಲ್ಲಿ ನೋಡೋ ಮ್ಯಾಪ್‌ಗೆ ಶುರುವಿನಲ್ಲಿ ಯೂಮ್ಯಾಪ್ ಸಾಕು, ಅದು ಜನರೇ ಸೇರಿ ಮಾಡಿರೋ ಉಚಿತ ಮ್ಯಾಪ್ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಡೆಯುತ್ತೆ. ಗೂಗಲ್ ಮೈ ಮ್ಯಾಪ್ಸ್ ಕೂಡ ಆಗುತ್ತೆ, ಆದ್ರೆ ಅದರಲ್ಲಿ 10 ಲೇಯರ್, ಒಂದು ಸಲಕ್ಕೆ 2,000 ಸಾಲಿನ ಮಿತಿ ಇದೆ, ವಾಲ್ವ್ ಕಂಬಗಳಿಗೆ ಅದು ಬೇಕಾದಷ್ಟಾಯ್ತು. ಅಂದ್ರೆ ಲಕ್ಷಗಟ್ಟಲೆ ಖರ್ಚಿಲ್ಲದೆ ನೀವು ಲಿಂಕ್ ಕಳಿಸಿ ಎಲ್ಲರಿಗೂ ತೋರಿಸೋ ಮ್ಯಾಪ್ ಆಗ್ಲೇ ರೆಡಿ ಆಗಿರುತ್ತೆ.

ಈಗ ಬೀದಿದೀಪ. ಕಂಬಗಳಿಗೆ ಎಸ್ಕಾಂನವರು ಹಾಕಿರೋ ನಂಬರ್ ಇದ್ರೆ ಅದನ್ನೇ ಬಳಸಿ, ಹೊಸ ನಂಬರ್ ಹುಟ್ಟುಹಾಕ್ಬೇಡಿ. ಇಲ್ಲದ ಕಡೆ ಮಾತ್ರ ನೀವೇ ಬಣ್ಣದಲ್ಲಿ ಬರೆಸಿ. ಜನ "ಗಣಪತಿ ದೇವಸ್ಥಾನದ ಹತ್ರ ಲೈಟ್ ಇಲ್ಲ" ಅಂತ ಹೇಳೋ ಬದಲು ಕಂಬದ ನಂಬರ್ ವಾಟ್ಸಾಪ್ ಮಾಡಿದ್ರೆ ಲೈಟ್ ಹಾಕೋನು ನೇರ ಅಲ್ಲಿಗೇ ಹೋಗ್ತಾನೆ. ಅದೇ ಮ್ಯಾಪಲ್ಲಿ ಯಾವ ಕಂಬದ ಬಲ್ಬ್ ಯಾವಾಗ ಹಾಕಿದ್ದು ಅಂತ ತಾರೀಖು ಇದ್ರೆ, ಒಂದೇ ಲೈನಲ್ಲಿ ಪದೇ ಪದೇ ಬಲ್ಬ್ ಹೋಗ್ತಿರೋದು ಕಣ್ಣಿಗೆ ಬೀಳುತ್ತೆ, ಆಗ ಬಲ್ಬ್ ಬದಲಾಯಿಸೋದು ಬಿಟ್ಟು ವೋಲ್ಟೇಜ್ ಚೆಕ್ ಮಾಡಿ ಅಂತ ಲೈನ್‌ಮ್ಯಾನ್‌ಗೆ ಹೇಳಬಹುದು, ವಾರಂಟಿ ಒಳಗೆ ಕೆಟ್ಟ ಬಲ್ಬ್‌ಗಳನ್ನ ಸಪ್ಲೈಯರ್‌ಗೆ ವಾಪಸ್ ಕೊಡಬಹುದು. ರಿಜಿಸ್ಟರ್‌ನಲ್ಲೂ ಇದೆಲ್ಲ ಬರೆದಿರಬಹುದು, ಆದ್ರೆ ಪುಟ ತಿರುಗಿಸ್ತಾ ಹೋದ್ರೆ ಇದು ಕಾಣೋದೇ ಇಲ್ಲ.

ದೂರಿನ ವಿಷಯಕ್ಕೆ ಬಂದ್ರೆ ಇಂಗ್ಲೆಂಡ್‌ನ ಫಿಕ್ಸ್‌ಮೈಸ್ಟ್ರೀಟ್ ಅನ್ನೋ ದೂರಿನ ವೆಬ್‌ಸೈಟ್ ನೆನಪಾಗುತ್ತೆ, 2007ರಲ್ಲಿ ಮೈಸೊಸೈಟಿ ಅನ್ನೋ ಸಂಸ್ಥೆ ಶುರು ಮಾಡಿದ್ದು. ಅದರಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಏನಂದ್ರೆ, ಗುಂಡಿ ಬಿದ್ದಿರೋ ಜಾಗ ಮ್ಯಾಪಲ್ಲಿ ಒತ್ತಿದ್ರೆ ಆಯ್ತು, ಅದು ಯಾವ ಕೌನ್ಸಿಲ್‌ಗೆ ಸೇರುತ್ತೆ ಅಂತ ಸಿಸ್ಟಮ್ಮೇ ಹುಡುಕಿ ಅವರಿಗೆ ಕಳಿಸುತ್ತೆ, ದೂರು ಕೊಡೋ ಮನುಷ್ಯ ಅದನ್ನ ತಿಳ್ಕೊಂಡಿರಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಇದೇ ದೊಡ್ಡ ಗೋಳು. ಒಂದೇ ರಸ್ತೆ, ಊರಾಚೆ ಪಿಡಬ್ಲ್ಯುಡಿದು, ಇನ್ನೊಂದು ಕವಲು ಜಿಲ್ಲಾ ಪಂಚಾಯ್ತಿದು, ಒಳಗಿನ ಬೀದಿ ನಿಮ್ಮದು, ಜನ ಮಾತ್ರ ಎಲ್ಲದಕ್ಕೂ ನಿಮ್ಮ ಮನೆ ಬಾಗಿಲಿಗೇ ಬರ್ತಾರೆ. ಅದಕ್ಕೆ ಒಂದು ಲೇಯರ್‌ನಲ್ಲಿ ರಸ್ತೆ ಯಾರದ್ದು ಅಂತ ಮೂರು ಬಣ್ಣದಲ್ಲಿ ಹಾಕಿಡಿ. ಇದಕ್ಕೆ ಸರ್ವೆ ಏನೂ ಬೇಡ, ಪಿಡಿಒ ಮತ್ತೆ ಎಂಜಿನಿಯರ್ ಒಂದು ಸಲ ಜೊತೇಲಿ ಕೂತ್ರೆ ಮುಗೀತು. ಗ್ರಾಮಸಭೇಲಿ ಆ ಮ್ಯಾಪ್ ಗೋಡೆ ಮೇಲೆ ತೋರಿಸಿದ್ರೆ "ಇದು ನಮ್ದಲ್ಲ" ಅನ್ನೋ ಜಗಳ ಎಷ್ಟೋ ಕಮ್ಮಿ ಆಗುತ್ತೆ, ಯಾರಿಗೆ ಪತ್ರ ಬರೀಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಆದ್ರೆ ಮೇಡಂ, ದೂರಿನ ಮ್ಯಾಪ್ ನೋಡುವಾಗ ಒಂದು ಎಚ್ಚರ ಇರಲಿ, ಇದನ್ನ ನೀವು ಸದಸ್ಯೆಯಾಗಿ ಬೇರೆಯವರಿಗಿಂತ ಚೆನ್ನಾಗಿ ನೋಡಬಲ್ಲಿರಿ. ದೂರು ಬರೋದು ಸ್ಮಾರ್ಟ್‌ಫೋನ್ ಇರೋ, ಆಫೀಸಿಗೆ ಬಂದು ಜೋರಾಗಿ ಮಾತಾಡೋ ಧೈರ್ಯ ಇರೋ ಬೀದಿಯಿಂದ. ಮೇನ್ ರೋಡ್ ಪಕ್ಕ ಕೆಂಪು ಚುಕ್ಕೆ ತುಂಬಿರುತ್ತೆ, ಊರ ತುದಿಯ ಕಾಲೋನಿಲಿ ಒಂದೂ ಇರಲ್ಲ. ಅಲ್ಲಿ ಎಲ್ಲಾ ಸರಿ ಇದೆ ಅಂತ ಅರ್ಥ ಅಲ್ಲ, ಎಷ್ಟು ಹೇಳಿದ್ರೂ ಏನೂ ಆಗಲ್ಲ ಅಂತ ಅವರು ಕೇಳೋದೇ ಬಿಟ್ಟಿರ್ತಾರೆ. ಬರೀ ದೂರಿನ ಚುಕ್ಕೆ ನೋಡಿ ಹಣಕಾಸು ಆಯೋಗದಿಂದ ಬರೋ ದುಡ್ಡು ಹಂಚಿದ್ರೆ ಇರೋರಿಗೇ ಮತ್ತೆ ಹೋಗುತ್ತೆ. ಅದಕ್ಕೇ ನಾನು ಯಾವಾಗ್ಲೂ ಹೇಳೋದು, ಮೊದಲು ನಡೆದು ಎಲ್ಲಾ ಬೀದಿನೂ ಒಂದೇ ಥರ ಸರ್ವೆ ಮಾಡಿ, ದೂರು ಅದರ ಮೇಲೆ ಸೇರಲಿ. ಕಂಬ ಎಷ್ಟು, ಲೈಟ್ ಎಷ್ಟು, ಮನೆ ಎಷ್ಟು, ನಲ್ಲಿ ಎಷ್ಟು ಅಂತ ಬೀದಿವಾರು ಇಟ್ಟರೆ ಯಾರಿಗೆ ಏನಿಲ್ಲ ಅನ್ನೋದು ಯಾರೂ ಬಾಯಿ ಬಿಡದೇನೇ ತೋರುತ್ತೆ.

ಆರೋಗ್ಯಕ್ಕೂ ನೀರಿನ ಮ್ಯಾಪ್‌ಗೂ ನೇರ ಸಂಬಂಧ ಇದೆ. 1854ರಲ್ಲಿ ಲಂಡನ್‌ನಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಅನ್ನೋ ಡಾಕ್ಟರು ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಸತ್ತವರ ಮನೆಗಳನ್ನ ನಕ್ಷೆ ಮೇಲೆ ಗುರುತು ಹಾಕಿ, ಹೆಚ್ಚಿನವು ಒಂದು ನೀರಿನ ಪಂಪ್ ಸುತ್ತ ಇವೆ ಅಂತ ತೋರಿಸಿದ್ರು. ಆಗ ಕಂಪ್ಯೂಟರ್ ಇರ್ಲಿಲ್ಲ. ನಮ್ಮಲ್ಲೂ 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಲಿ ಕಲುಷಿತ ನೀರು ಕುಡಿದು ವಾಂತಿಭೇದಿಯಾಗಿ ಜನ ಸತ್ತ ಸುದ್ದಿ ನೀವು ಕೇಳಿರ್ತೀರಿ. ನಿಮ್ಮ ಪೈಪ್ ಲೈನ್ ಮ್ಯಾಪ್ ಮೇಲೆ ಚರಂಡಿ ಲೇಯರ್ ಇಟ್ಟು, ಪೈಪ್ ಎಲ್ಲೆಲ್ಲಿ ಚರಂಡಿ ದಾಟುತ್ತೆ, ಎಲ್ಲಿ ಚರಂಡಿ ಒಳಗೇ ಹೋಗಿದೆ ಅನ್ನೋ ಜಾಗಗಳಿಗೆಲ್ಲ ಗುರುತು ಹಾಕಿ. ನೀರು ಬಿಡದೇ ಇರೋ ಹೊತ್ತಲ್ಲಿ ಪೈಪ್ ಒಳಗೆ ಒತ್ತಡ ಇರಲ್ಲ, ಸಣ್ಣ ಬಿರುಕಿದ್ರೂ ಹೊರಗಿನ ಕೊಳಚೆ ಒಳಗೆ ಎಳ್ಕೊಳ್ಳುತ್ತೆ. ಎಫ್‌ಟಿಕೆ (ಊರಲ್ಲೇ ನೀರು ಪರೀಕ್ಷೆ ಮಾಡೋ) ಕಿಟ್ ಟ್ರೇನಿಂಗ್ ತಗೊಂಡ ಹೆಣ್ಮಕ್ಕಳು ಊರಲ್ಲಿ ಇದ್ರೆ ಟ್ಯಾಂಕ್ ಹತ್ರ ಮಾತ್ರ ಟೆಸ್ಟ್ ಮಾಡೋದು ಬಿಟ್ಟು ಈ ಗುರುತಾದ ಜಾಗಗಳ ಮುಂದಿನ ನಲ್ಲಿಯಿಂದ ನೀರು ತಗೊಳ್ಳೋಕೆ ಹೇಳಿ, ಟೆಸ್ಟ್ ಬಾಟಲಿಲಿ ನೀರು ಕಪ್ಪಗಾದ್ರೆ, ಅಂದ್ರೆ ನೀರು ಕೊಳಕಾಗಿದೆ ಅನ್ನೋ ಸೂಚನೆ ಸಿಕ್ಕಿದ್ರೆ, ಮ್ಯಾಪಲ್ಲಿ ಹಾಕಿ ಅವತ್ತೇ ಆ ಲೈನ್ ನಿಲ್ಲಿಸಿ. ನೀರಿನಿಂದಲೇ ಶುರು ಮಾಡಿ ಅಂತ ನಾನು ಹಠ ಮಾಡೋದಕ್ಕೆ ಇದೇ ಮುಖ್ಯ ಕಾರಣ.

ಕಂದಾಯದ್ದು ಕೊನೇಲಿ ಇಟ್ಟುಕೊಳ್ಳಿ ಅಂದೆ. ಅದರಲ್ಲಿ ದುಡ್ಡಿನ ಲಾಭ ಜಾಸ್ತಿ, ಕಂಪನಿಯವರು ತೋರಿಸೋದೂ ಅದನ್ನೇ. ಹಳ್ಳಿ ಮನೆಗಳಿಗೆ ಆಸ್ತಿ ದಾಖಲೆ ಕೊಡೋ ಕೇಂದ್ರದ ಸ್ವಾಮಿತ್ವ ಯೋಜನೆ ನಿಮಗೆ ಗೊತ್ತಿರುತ್ತೆ, 2020ರ ಏಪ್ರಿಲ್ 24ಕ್ಕೆ ಶುರುವಾಗಿದ್ದು, ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕನೂ ಇತ್ತು. ಮನೆಗಳ ಗಡಿಗೆ ಸುಣ್ಣದಲ್ಲಿ ಗೆರೆ ಎಳೆದು ಆಮೇಲೆ ಡ್ರೋನ್ ಹಾರಿಸಿ ಚಿತ್ರ ತೆಗೀತಾರೆ, ಸರ್ವೆ ಆಫ್ ಇಂಡಿಯಾ ಮಾಡಿಕೊಡೋದು, ಚಿತ್ರದಲ್ಲಿ ಒಂದೊಂದು ಚುಕ್ಕೆ ನೆಲದ ಮೇಲೆ ಸುಮಾರು 5 ಸೆಂಟಿಮೀಟರ್ ಅಷ್ಟು ಸ್ಪಷ್ಟ. ನಿಮ್ಮ ಹಳ್ಳಿಗಳಲ್ಲಿ ಅದು ಆಗಿದ್ರೆ ಮತ್ತೆ ಡ್ರೋನ್ ಸರ್ವೆಗೆ ಅಂತ ಯಾರಿಗೂ ದುಡ್ಡು ಕೊಡೋ ಅಗತ್ಯ ಇಲ್ಲ, ಕೊಟೇಶನ್‌ನಲ್ಲಿ ಆ ಐಟಂ ಇದೆಯಾ ಅಂತ ಒಂದ್ಸಲ ನೋಡಿ. ನೀವು ಮಾಡ್ಬೇಕಾಗಿರೋದು ಆ ನಕ್ಷೆಯ ಪ್ರತಿ ಮನೆಗೂ ಇ-ಸ್ವತ್ತಿನಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ಇರೋ ಸ್ವತ್ತಿನ ನಂಬರ್ ಜೋಡಿಸೋದು. ಅದೊಂದು ನಂಬರ್ ಸರಿಯಾಗಿ ಕೂತ್ರೆ ಡಿಮ್ಯಾಂಡ್ ಎಷ್ಟು, ಕಟ್ಟಿದ್ದೆಷ್ಟು, ಬಾಕಿ ಎಷ್ಟು ಅನ್ನೋದು ಬೀದಿವಾರು ಬಣ್ಣದಲ್ಲಿ ಬರುತ್ತೆ, ಬಿಲ್ ಕಲೆಕ್ಟರ್ ಯಾವ ಬೀದಿಗೆ ಹೋಗ್ಬೇಕು ಅಂತ ಪ್ಲಾನ್ ಮಾಡಬಹುದು, ಮನೆ ಇದ್ದು ಲಿಸ್ಟಲ್ಲಿ ಇಲ್ಲದ್ದೂ ಸಿಗುತ್ತೆ.

ಕಷ್ಟ ಏನಂದ್ರೆ ಮ್ಯಾಪಲ್ಲಿ ಗೆರೆ ಕಂಡ ತಕ್ಷಣ ಜನ ಅದನ್ನ ಹಕ್ಕು ಅಂದ್ಕೋತಾರೆ. ಸ್ಯಾಟಲೈಟ್ ಚಿತ್ರದ ಮೇಲೆ ಸರ್ವೆ ನಂಬರ್ ಗೆರೆ ಕೆಲವು ಮೀಟರ್ ಜರುಗಿರೋದು ಮಾಮೂಲಿ, ಆ ಸ್ಕ್ರೀನ್‌ಶಾಟ್ ಹಿಡ್ಕೊಂಡು ಅಣ್ಣ ತಮ್ಮ ಜಗಳಕ್ಕೆ ನಿಂತಿದ್ದನ್ನ ನಾನೇ ನೋಡಿದ್ದೀನಿ. ಗಡಿ ತೀರ್ಮಾನ ಆಗೋದು ಸರ್ವೆಯರ್ ಅಳತೆ ಮಾಡಿ, ದಾಖಲೆ ನೋಡಿ. ನಿಮ್ಮ ಮ್ಯಾಪಲ್ಲಿ ದೊಡ್ಡದಾಗಿ "ಇದು ಸೇವೆಯ ಉಪಯೋಗಕ್ಕೆ ಮಾತ್ರ, ಗಡಿ ಅಥವಾ ಮಾಲೀಕತ್ವದ ದಾಖಲೆ ಅಲ್ಲ" ಅಂತ ಬರೆಸಿ. ಇನ್ನೂ ಮುಖ್ಯ, ಸರ್ಕಾರಿ ಜಾಗದಲ್ಲಿ ಎಷ್ಟೋ ವರ್ಷದಿಂದ ಗುಡಿಸಲು ಹಾಕ್ಕೊಂಡಿರೋ ಕುಟುಂಬಗಳು ಇರ್ತವೆ, ಅವರ ಮನೆಗಳನ್ನ "ಒತ್ತುವರಿ" ಅಂತ ಕೆಂಪು ಬಣ್ಣ ಹಾಕಿ ಪಬ್ಲಿಕ್ ಮ್ಯಾಪಲ್ಲಿ ಬಿಟ್ರೆ ನಾಳೆ ಅವರ ಮೇಲೆ ಯಾರು ಬೇಕಾದ್ರೂ ಮುಗಿಬೀಳ್ತಾರೆ. ಅವರಿಗೆ ನೀರು, ಲೈಟ್ ಕೊಡೋಕೆ ಆ ಮನೆ ಮ್ಯಾಪಲ್ಲಿ ಇರಲೇಬೇಕು, ಆದ್ರೆ ಜಾಗ ಯಾರದ್ದು ಅನ್ನೋ ಹಣೆಪಟ್ಟಿ ಅಲ್ಲಿ ಬೇಡ, ಆ ವಿಷಯ ಕಂದಾಯ ಇಲಾಖೆ ನೋಡ್ಕೊಳ್ಳಲಿ.

ಇಷ್ಟೆಲ್ಲ ಮಾಡಿದ್ರೂ ಮ್ಯಾಪ್ ಯಾಕೆ ಸಾಯುತ್ತೆ ಅಂದ್ರೆ ಅಪ್‌ಡೇಟ್ ಆಗದೆ. ಒಂದು ಪಟ್ಟಣದಲ್ಲಿ ತುಂಬಾ ಚೆಂದದ ಪೋರ್ಟಲ್ ಮಾಡಿದ್ರು, ಉದ್ಘಾಟನೆನೂ ಆಯ್ತು, ಕಾಂಟ್ರಾಕ್ಟ್ ಮುಗಿದ್ಮೇಲೆ ಸರ್ವರ್ ದುಡ್ಡು ಯಾರೂ ಕಟ್ಟಲಿಲ್ಲ, ಲಿಂಕ್ ತೆರೆಯೋದೇ ನಿಂತುಹೋಯ್ತು, ಒಳಗಿದ್ದ ಸರ್ವೆ ಡೇಟಾದ ಕಾಪಿ ಕೂಡ ಆಫೀಸಲ್ಲಿ ಇರ್ಲಿಲ್ಲ. ಅಷ್ಟು ಜನ ಬಿಸಿಲಲ್ಲಿ ಓಡಾಡಿ ಮಾಡಿದ ಕೆಲಸ ಹಾಗೆ ಹೋಗಿದ್ದು ನೆನೆಸಿದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಇದಕ್ಕೆ ಪರಿಹಾರ ನಿಮ್ಮ ಸಾಮಾನ್ಯ ಸಭೆ ಕೈಲೇ ಇದೆ. ಪೈಪ್, ವಾಲ್ವ್, ಚರಂಡಿ, ಬೀದಿದೀಪದ ಯಾವುದೇ ಕೆಲಸದ ಬಿಲ್ ಪಾಸ್ ಆಗೋಕೆ ಮುಂಚೆ ಆ ಕೆಲಸ ಮ್ಯಾಪಲ್ಲಿ ಬಂದಿರಬೇಕು ಅಂತ ಒಂದು ಠರಾವು ಮಾಡಿ. ಪೈಪ್ ಕೆಲಸಕ್ಕೆ, ಗುಂಡಿ ಮುಚ್ಚೋಕೆ ಮುಂಚೆ ತೆರೆದ ಗುಂಡಿಯ ಫೋಟೋ, ಆಳ ತೋರಿಸೋ ಹಾಗೆ ಟೇಪ್ ಇಟ್ಟು ತೆಗೆದದ್ದು, ಕಡ್ಡಾಯ ಮಾಡಿ. ಗುಂಡಿ ಮುಚ್ಚಿದ ಮೇಲೆ ಆ ಮಾಹಿತಿ ಇನ್ಯಾವತ್ತೂ ಸಿಗಲ್ಲ. ಕಾಂಟ್ರಾಕ್ಟರ್ ಶುರುವಲ್ಲಿ ಗೊಣಗ್ತಾರೆ, ಬಿಲ್ ನಿಂತ್ರೆ ತಾವೇ ಫೋಟೋ ಕಳಿಸ್ತಾರೆ. ಕೆಲಸ ಆದಾಗಲೇ ಅಪ್‌ಡೇಟ್ ಮಾಡಿಬಿಟ್ರೆ ವರ್ಷಕ್ಕೊಂದು ಹೊಸ ಸರ್ವೆ ಅನ್ನೋ ಮಾತೇ ಬರಲ್ಲ.

ಇಷ್ಟು ಆದ ಮೇಲೂ ಮನೆ ಸಂಖ್ಯೆ ಜಾಸ್ತಿ ಇದೆ, ಆನ್‌ಲೈನ್ ದೂರು ಬೇಕು, ಫೋನಲ್ಲೇ ಬಾಕಿ ನೋಡೋ ಹಾಗಾಗಬೇಕು ಅನ್ನಿಸಿದ್ರೆ ಆಗ ಕಂಪನಿಯವರನ್ನ ಕರೀರಿ. ಆವಾಗ ನಿಮಗೆ ಏನು ಬೇಕು ಅಂತ ನಿಮಗೇ ಗೊತ್ತಿರುತ್ತೆ, ಕೆಟಿಪಿಪಿ (ಸರ್ಕಾರಿ ಖರೀದಿ, ಟೆಂಡರ್) ನಿಯಮದ ಪ್ರಕಾರ ಹೋಗುವಾಗ ಷರತ್ತು ಬರೆಯೋದೂ ಸುಲಭ. ಡೇಟಾ ಪಂಚಾಯ್ತಿದೇ ಅಂತ ಅಗ್ರಿಮೆಂಟ್‌ನಲ್ಲಿ ಬರಲಿ, ಮೂರು ತಿಂಗಳಿಗೊಮ್ಮೆ ಪೂರ್ತಿ ಕಾಪಿ ಜಿಯೋಪ್ಯಾಕೇಜ್ ಇಲ್ಲ ಶೇಪ್‌ಫೈಲ್ (ಬೇರೆ ಮ್ಯಾಪ್ ಸಾಫ್ಟ್‌ವೇರ್‌ನಲ್ಲೂ ತೆರೆಯೋ ಫೈಲ್) ರೂಪದಲ್ಲಿ ಕೊಡಬೇಕು ಅಂತ ಇರಲಿ, ಪಿಡಿಎಫ್ ಕೊಟ್ರೆ ಒಪ್ಪಬೇಡಿ, ಅದು ಬರೀ ಚಿತ್ರ. ಎರಡನೇ ವರ್ಷದಿಂದ ಸರ್ವರ್‌ಗೆ ವರ್ಷಕ್ಕೆ ಎಷ್ಟು ಅಂತ ಈಗಲೇ ಕೇಳಿ, ಆ ದುಡ್ಡು ನಿಮ್ಮ ಬಜೆಟ್ಟಲ್ಲಿ ಬರುತ್ತಾ ನೋಡಿ. ಇ-ಸ್ವತ್ತು, ಪಂಚತಂತ್ರ (ಪಂಚಾಯ್ತಿಗಳ ಸರ್ಕಾರಿ ಸಾಫ್ಟ್‌ವೇರ್) ಇವುಗಳಲ್ಲಿ ಆಗ್ಲೇ ಇರೋ ಕೆಲಸವನ್ನ ಇನ್ನೊಂದು ಕಡೆ ಎಂಟ್ರಿ ಮಾಡಿಸೋ ಪೋರ್ಟಲ್ ಆದ್ರೆ ಬೇಡವೇ ಬೇಡ, ನಿಮ್ಮ ಸಿಬ್ಬಂದಿ ಎರಡರಲ್ಲೂ ಅರ್ಧಂಬರ್ಧ ತುಂಬ್ತಾರೆ.

ಇನ್ನು ಕಾನೂನು. 2021ರ ಫೆಬ್ರವರಿ 15ಕ್ಕೆ ಕೇಂದ್ರ ಸರ್ಕಾರ ಹೊಸ ಜಿಯೋಸ್ಪೇಷಿಯಲ್ (ಮ್ಯಾಪ್ ಮಾಹಿತಿ ಕುರಿತ) ಮಾರ್ಗಸೂಚಿ ತಂತು, ಅದಾದ ಮೇಲೆ ನಮ್ಮ ದೇಶದವರು, ನಮ್ಮ ಸಂಸ್ಥೆಗಳು ಈ ಥರ ಮ್ಯಾಪ್ ಮಾಡೋಕೆ ಮೊದಲೇ ಪರ್ಮಿಷನ್ ತಗೊಳ್ಳೋ ಅಗತ್ಯ ಇಲ್ಲ, ವಾಲ್ವ್ ಕಂಬದ ಮ್ಯಾಪ್‌ಗೆ ಯಾರೂ ತಡೆಯಲ್ಲ. ಊರಿನವರಿಗೆ ತೋರಿಸೋ ವಿಷಯದಲ್ಲಿ ನಾನು ಎರಡು ಮ್ಯಾಪ್ ಇಡಿ ಅಂತೀನಿ. ಎಲ್ಲರಿಗೂ ತೆರೆದಿರೋದರಲ್ಲಿ ಬೀದಿದೀಪ, ರಸ್ತೆ ಯಾರದ್ದು, ನೀರು ಯಾವ ಬೀದಿಗೆ ಯಾವ ಹೊತ್ತಿಗೆ, ಕಸದ ಗಾಡಿ ಬರೋ ದಾರಿ, ಅಂಗನವಾಡಿ, ನಡೀತಿರೋ ಕಾಮಗಾರಿ ಮತ್ತೆ ಅದರ ಮೊತ್ತ, ಇಷ್ಟೂ ಇರಲಿ, ಮೊತ್ತ ಮುಚ್ಚಿಡ್ಬೇಡಿ. ಆಫೀಸಿಗೆ ಮಾತ್ರ ಇರೋದರಲ್ಲಿ ಮನೆ ಯಜಮಾನರ ಹೆಸರು, ಫೋನ್ ನಂಬರ್, ಕಂದಾಯ ಬಾಕಿ, ಯಾರ ಮನೇಲಿ ಯಾರಿಗೆ ಕಾಯಿಲೆ ಅನ್ನೋದು. ವಾಂತಿಭೇದಿ ಕೇಸನ್ನ ಆಶಾ ಕಾರ್ಯಕರ್ತೆಯರು ಹೇಳಿದಾಗ ಒಳಗಿನ ಮ್ಯಾಪಲ್ಲಿ ಹಾಕಿ, ಹೊರಗಿನದರಲ್ಲಿ "ಈ ಲೈನಿನ ನೀರು ಕಾಯಿಸಿ ಕುಡೀರಿ" ಅಂತ ಬೀದಿಗೆ ಬಣ್ಣ ಹಾಕಿದ್ರೆ ಸಾಕು. ವೈಯಕ್ತಿಕ ಮಾಹಿತಿ ರಕ್ಷಣೆಗೆ ಅಂತ 2023ರಲ್ಲಿ ಪ್ರತ್ಯೇಕ ಕಾಯ್ದೆನೂ ಪಾಸಾಗಿದೆ. ಒಳಗಿನ ಮ್ಯಾಪ್‌ನ ಪಾಸ್‌ವರ್ಡ್ ಪಿಡಿಒ ಹತ್ರ ಇರಲಿ, ಪಿಡಿಒ ವರ್ಗಾವಣೆ ಆದಾಗ ಚಾರ್ಜ್ ಪಟ್ಟಿಲಿ ಅದನ್ನೂ ಸೇರಿಸಿ ಕೊಡೋ ಹಾಗೆ ಅದೇ ಠರಾವಿನಲ್ಲಿ ಒಂದು ಸಾಲು ಬರೆಸಿಬಿಡಿ.